ಸೋಮವಾರ ಹೂಡದ ಜೀಪು

ನಮ್ಮಪ್ಪ ಜೀಪು ಕೊಂಡದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಈಗ ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ತಿಪಟೂರು ಸೀಮೆಯಲ್ಲಿ ಹುಟ್ಟಿ, ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಲು ಬಿಟ್ಟು, ಆಮೇಲೆ ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುವ ಮನುಷ್ಯನಿಗೆ ಕಿವಿಯ ಮೇಲಿರುವ ನಂಬಿಕೆ ಕಣ್ಣಿನ ಮೇಲಿರುವುದಿಲ್ಲ. ಕಾಯಿಯೊಳಗೆ ಗುಳುಗುಳು ಅಂದರೆ ಇನ್ನೂ ನೀರಿದೆ, ಅಟ್ಟದಲ್ಲೇ ಇರಲಿ. ಸದ್ದೇ ಇಲ್ಲದಿದ್ದರೆ ಅನುಮಾನ. ಗಟಗಟ ಅಂದರೆ ನೀರೆಲ್ಲ ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟಿದೆ, ಇನ್ನು ಕೆಡುವ ಮಾತಿಲ್ಲ, ಸುಲಿದು ಒಡೆದು ಮಂಡಿಗೆ ಹಾಕಬಹುದು. ಈ ಪರೀಕ್ಷೆಯಲ್ಲಿ ಅಪ್ಪ ಸೋತದ್ದನ್ನು ನಾನು ಕಂಡಿಲ್ಲ. ಅದೇ ಧೈರ್ಯದ ಮೇಲೆ ಅವನು ಜೀಪು ನೋಡಲು ಹೊರಟದ್ದು.

ನಮ್ಮದು ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ ಹೋಗಬೇಕಾದ ಸಣ್ಣ ಹಳ್ಳಿ. ತೋಟ ಒಂದೇ ಕಡೆ ಇದ್ದಿದ್ದರೆ ಜೀಪಿನ ಮಾತೇ ಏಳುತ್ತಿರಲಿಲ್ಲ. ಮನೆ ಹಿಂದೆ ಒಂದು ತುಂಡು, ತುರುವೇಕೆರೆ ಕಡೆ ಕೆರೆಯ ಹಿಂದೆ ಒಂದು, ಚಿಕ್ಕನಾಯಕನಹಳ್ಳಿಯ ಹತ್ತಿರ ಅಜ್ಜಿಯ ಪಾಲಿಗೆ ಬಂದದ್ದು ಇನ್ನೊಂದು. ಎತ್ತಿನ ಗಾಡಿಯಲ್ಲಿ ಒಂದು ತೋಟದ ಕಾಯಿ ಮನೆ ಸೇರಿಸುವುದರೊಳಗೆ ಇನ್ನೊಂದು ತೋಟದ ಕಾಯಿ ಬೇರೆಯವರ ಮನೆ ಸೇರಿರುತ್ತಿತ್ತು. ಕೆರೆ ಹಿಂದಿನ ತೋಟವಂತೂ ಮಳೆಗಾಲದಲ್ಲಿ ಅರಗಿನ ಮುದ್ದೆ. ಗಾಡಿ ಅಚ್ಚಿನವರೆಗೆ ಹೂತುಕೊಳ್ಳುತ್ತಿತ್ತು. ಲಾರಿಯವರು ಏರಿಯ ಮೇಲೆ ನಿಂತು, ಇಲ್ಲಿಗೇ ಹೊತ್ತು ತನ್ನಿ ಎಂದು ಬೀಡಿ ಹಚ್ಚುತ್ತಿದ್ದರು.

ಆಗ ನಮ್ಮ ಕಡೆ ಹೇಮಾವತಿ ನಾಲೆಯ ಕೆಲಸ ನಡೆಯುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಒಂದು ದಿನ ಸಂತೆಗೆಂದು ಹೋದವನು, ನಾಲೆಯ ಕೆಸರಿನಲ್ಲಿ ಒಂದು ಡೀಸೆಲ್ ಜೀಪು ನೀರಿನ ಟ್ಯಾಂಕರನ್ನು ಎಳೆದುಕೊಂಡು ಹೋದದ್ದನ್ನು ನೋಡಿದ. ಸಂತೆ ಮರೆತು ಮಧ್ಯಾಹ್ನವೆಲ್ಲ ಅಲ್ಲೇ ನಿಂತಿದ್ದನಂತೆ. ಬರಿಗೈಯಲ್ಲಿ ಮನೆಗೆ ಬಂದು, ಊಟಕ್ಕೆ ಕೂತು, ಮುದ್ದೆ ಮುರಿಯದೆ ಹೇಳಿದ್ದು ಒಂದೇ ಮಾತು. ಆ ಗಾಡಿಗೆ ನಾಲ್ಕು ಚಕ್ರವೂ ಎಳೆಯುತ್ತವೆ. ಎರಡಲ್ಲ, ನಾಲ್ಕೂ.

ಅವ್ವ ಅದಕ್ಕೆ, ನಮ್ಮ ಜೋಡಿ ಎತ್ತಿಗೆ ಎಂಟು ಕಾಲಿದೆ, ಎಂಟೂ ಎಳೆಯುತ್ತವೆ ಎಂದಳು.

ಎತ್ತಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಕೊನೆಯ ಮಾತು ಅವ್ವನದು. ಅವಳು ಮದುವೆಯಾಗಿ ಬರುವಾಗ ತವರಿನಿಂದ ಬಳುವಳಿಯಾಗಿ ಒಂದು ಹಸು ಬಂದಿತ್ತು. ಈ ಎತ್ತುಗಳು ಆ ಹಸುವಿನ ಮೊಮ್ಮಕ್ಕಳು. ಅವನ್ನು ಮಾರದೆ ಜೀಪಿಗೆ ದಾರಿಯಿಲ್ಲ, ಅವ್ವ ಒಪ್ಪದೆ ಎತ್ತು ಮಾರುವಂತಿಲ್ಲ. ಅಪ್ಪ ಮೂರು ದಿನ ಮನೆಯೊಳಗೆ ಬೆಕ್ಕಿನ ಹಾಗೆ ಸುತ್ತಿದ. ಕೇಳದಿದ್ದರೂ ಸೌದೆ ಒಡೆದುಕೊಟ್ಟ. ಅವ್ವನಿಗೆ ಎಲ್ಲ ಗೊತ್ತಿತ್ತು, ಸೌದೆ ಪೂರ್ತಿ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ತನ್ನ ಬೆಲೆ ಹೇಳಿದಳು.

"ಎತ್ತು ಪಕ್ಕದ ಮನೆಯೋರಿಗೇ ಕೊಡ್ಬೇಕು, ದಿನಾ ನನ್ ಕಣ್ಣಿಗೆ ಬೀಳ್ಬೇಕು. ಇನ್ನೊಂದು, ಸಮುದ್ರದ ದಡದಾಗೆ ನೀರು ಹಾಕ್ದೆ ಬೆಳ್ದಿರೋ ತೆಂಗಿನ ಮರ ಅವೆಯಂತಲ್ಲ, ಅವನ್ನ ಆ ಜೀಪಲ್ಲೇ ಕರ್ಕೊಂಡೋಗಿ ತೋರಿಸ್ಬೇಕು ಕಣ್ರೀ."

ಈ ಆಸೆಯ ಮೂಲ ಕ್ರಾಸಿನ ಹೋಟೆಲು. ಅದನ್ನು ನಡೆಸುತ್ತಿದ್ದವರು ಉಡುಪಿ ಕಡೆಯವರು. ಅವ್ವ ಯಾವಾಗಲೋ ಬಸ್ಸಿಗೆ ಕಾಯುತ್ತ ಅಲ್ಲಿ ಕಾಫಿ ಕುಡಿಯುವಾಗ, ತಮ್ಮೂರಿನಲ್ಲಿ ತೆಂಗಿಗೆ ಯಾರೂ ನೀರು ಹಾಕುವುದಿಲ್ಲ, ಮರಳಿನಲ್ಲಿ ತನ್ನಷ್ಟಕ್ಕೆ ಬೆಳೆಯುತ್ತದೆ, ತನ್ನಷ್ಟಕ್ಕೆ ಕಾಯಿ ಬೀಳುತ್ತದೆ, ನೀವು ಈ ಕಡೆಯವರು ಸುಮ್ಮನೆ ಒದ್ದಾಡುತ್ತೀರಿ ಎಂದಿದ್ದರಂತೆ. ಆ ಮಾತು ಅವ್ವನ ಎದೆಯೊಳಗೆ ಮುಳ್ಳಾಗಿ ಕೂತುಬಿಟ್ಟಿತು. ಯಾಕೆಂದರೆ ಕೆರೆ ಹಿಂದಿನ ತೋಟ ಹಾಕಿದ್ದು ಅವಳು ಹೊಸ ಸೊಸೆಯಾಗಿ ಬಂದ ವರ್ಷ. ಕೆರೆಯಲ್ಲಿ ನೀರು ಇಳಿದಾಗ, ನಡುವಿನ ಗುಂಡಿಯಿಂದ ಕೊಡದಲ್ಲಿ ಮೊಗೆದು, ಸೊಂಟದ ಮೇಲಿಟ್ಟು, ಏರಿ ಹತ್ತಿ ಇಳಿದು ಒಂದೊಂದು ಸಸಿಗೂ ಹೊಯ್ದವಳು ಅವಳೇ. ನಾನು ಹೊಟ್ಟೆಯಲ್ಲಿದ್ದಾಗಲೂ ಹೊತ್ತಿದ್ದಳಂತೆ. ಆ ತೋಟದ ಮರಗಳನ್ನು ಅವ್ವ ಬೈಯುವಾಗ ನನ್ನನ್ನು ಬೈದ ಹಾಗೆಯೇ ಬೈಯುತ್ತಿದ್ದಳು.

ಅವತ್ತು ಅವ್ವ ಕೇಳಿದ್ದರೆ ಅಪ್ಪ ಕಾಶಿಯನ್ನೂ ತೋರಿಸುತ್ತೇನೆ ಅನ್ನುತ್ತಿದ್ದ. ಕೂಡಲೇ ಹೂಂ ಎಂದ.

ಜೀಪು ನೋಡಲು ನಾನೂ ಜೊತೆಗೆ ಹೋದೆ. ತಿಪಟೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ, ಗಾಡಿಯ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಓದಲು ಮಗಳಿರಲಿ ಎಂಬುದು ನೆಪ. ಓದುವ ಕೆಲಸವೇ ಬರಲಿಲ್ಲ. ಮೊದಲು ನೋಡಿದ್ದು ತಿಪಟೂರಿನ ಎಣ್ಣೆ ಮಿಲ್ಲಿನವರೊಬ್ಬರ ಜೀಪು. ಬಣ್ಣ ಮಿರಮಿರ, ಸೀಟು ಹೊಸದು, ಸ್ಟಾರ್ಟ್ ಮಾಡಿದರೆ ಬೆಕ್ಕು ನಿದ್ದೆಯಲ್ಲಿ ಗುರುಗುಟ್ಟಿದಷ್ಟು ಸದ್ದು. ನಾನು ಅಲ್ಲೇ ಮನಸೋತೆ. ಅಪ್ಪ ಬಾನೆಟ್ಟಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ನಿಂತ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಸದ್ದೇ ಇಲ್ಲ, ಒಳಗೆ ಏನಿದೆಯೋ ಏನಿಲ್ಲವೋ ಎಂದ. ಎರಡನೆಯದು ಅರಸೀಕೆರೆಯದು. ಅದರೊಳಗೆ ನೀರೋ ಎಣ್ಣೆಯೋ ಕುಲುಕಿದ ಹಾಗೆ ಸದ್ದು. ಅಪ್ಪ ತಲೆಯಾಡಿಸಿ, ಇನ್ನೂ ಬಲಿತಿಲ್ಲ ಎಂದು ಟವೆಲ್ಲು ಕೊಡವಿ ಹೊರಟೇಬಿಟ್ಟ. ಜೀಪಿನವರು ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

ಮೂರನೆಯದು ಮಾಯಸಂದ್ರದಲ್ಲಿ. ನಾಲೆಯ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಕಂಟ್ರಾಕ್ಟರೊಬ್ಬರು ತಮ್ಮ ಹಳೆಯ ಡೀಸೆಲ್ ಜೀಪು ಮಾರುವುದಿತ್ತು. ಮೈಯೆಲ್ಲ ಸಿಮೆಂಟು, ಹಿಂದಿನ ಟಾರ್ಪಾಲು ಹರಿದು ಜೋತಾಡುತ್ತಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡಿತು. ಎಂಜಿನ್ನು, ಬಾಗಿಲು, ಸ್ಟೆಪ್ನಿ ಎಲ್ಲವೂ ಸೇರಿ ಗಟಗಟಗಟ. ಅಪ್ಪನ ಮುಖ ಅರಳಿತು. ಎಂಜಿನ್ನು ನಿಲ್ಲಿಸಿ ಎಂದ. ಆಮೇಲೆ ಮಡ್‌ಗಾರ್ಡು ಹಿಡಿದು ತಾನೇ ಜೀಪನ್ನು ಅಲ್ಲಾಡಿಸಿದ. ಸಾಲದು ಅನ್ನಿಸಿ ಆ ಕಡೆಯಿಂದ ಡ್ರೈವರನ್ನೂ ಈ ಕಡೆಯಿಂದ ನನ್ನನ್ನೂ ನಿಲ್ಲಿಸಿ ಅಲ್ಲಾಡಿಸಲು ಹೇಳಿ, ತಾನು ಕಿವಿ ಕೊಟ್ಟ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಒಣಗೈತೆ ಕಣಮ್ಮ," ಎಂದ ಅಪ್ಪ, ಗುಟ್ಟು ಹೇಳುವವನ ಹಾಗೆ. "ಇನ್ನು ಇದ್ರಾಗೆ ಕೆಡಾಕೆ ಏನೂ ಉಳಿದಿಲ್ಲ."

ಆ ಮಾತಿನ ಎರಡನೆಯ ಅರ್ಧ ಅಕ್ಷರಶಃ ನಿಜವಾಗಿತ್ತು. ಆದರೆ ಅವತ್ತು ಅದನ್ನು ಹೇಳುವಷ್ಟು ಜ್ಞಾನ ನನಗಿರಲಿಲ್ಲ. ಅಪ್ಪ ದನದ ಜಾತ್ರೆಯ ಪದ್ಧತಿಯಂತೆ ಟವೆಲ್ಲು ಹೊದಿಸಿ, ಅದರ ಕೆಳಗೆ ಕಂಟ್ರಾಕ್ಟರರ ಬೆರಳು ಹಿಡಿದು ವ್ಯಾಪಾರ ಶುರುಮಾಡಿದ. ಅವರು ದೂರದ ಊರಿನವರು. ಬೆರಳಿನ ಲೆಕ್ಕ ಗೊತ್ತಿರಲಿಲ್ಲ. ಕಚಗುಳಿಯಾಗಿ ಕೈ ಎಳೆದುಕೊಂಡು ನಕ್ಕರು. ಬೆಲೆ ಇಳಿಸಲು ಒಪ್ಪದೆ ಕೈ ಎಳೆದುಕೊಂಡರು ಎಂದು ಅಪ್ಪ ತಿಳಿದು, ತಾನೇ ಏರಿಸಿಬಿಟ್ಟ. ಇದು ಗೊತ್ತಾದದ್ದು ಅವರ ಡ್ರೈವರು ಆಮೇಲೆ ಹೇಳಿದಾಗ. ಅವ್ವನಿಗೆ ನಾವು ಇಂದಿಗೂ ಹೇಳಿಲ್ಲ.

ಅದೇ ಡ್ರೈವರು ಒಂದು ವಾರ ನಮ್ಮ ಮನೆಯಲ್ಲೇ ಉಂಡು, ಒಣಗಿದ ಕೆರೆಯಂಗಳದಲ್ಲಿ ಅಪ್ಪನಿಗೆ ಜೀಪು ಓಡಿಸುವುದು ಕಲಿಸಿದರು. ಅಪ್ಪ ಬೇಗ ಕಲಿತ. ಬ್ರೇಕು ತುಳಿಯುವಾಗ "ಹೋ, ಹೋ" ಅನ್ನುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಬಾಯಿ ಹೇಳದಿದ್ದರೆ ಕಾಲು ಒತ್ತುತ್ತಿರಲಿಲ್ಲ.

ಎತ್ತಿನ ಗಾಡಿಗೆ ನೊಗ ಕಟ್ಟುವ ಮೂಕಿ ಕತ್ತರಿಸಿ, ಟೈರಿನ ಚಕ್ರ ಹಾಕಿಸಿ, ಮುಂದೆ ಕಬ್ಬಿಣದ ಕೊಂಡಿ ಬೆಸೆಸಿ ಟ್ರೈಲರು ಮಾಡಿಸಿದ್ದಾಯಿತು. ಒಂದು ದಪ್ಪ ಪಿನ್ನು ಇಳಿಬಿಟ್ಟರೆ ಟ್ರೈಲರು ಜೀಪಿಗೆ ಕಚ್ಚಿಕೊಳ್ಳುತ್ತಿತ್ತು. ಮೊದಲ ಮಳೆಯಲ್ಲೇ ಜೀಪು ಕೆರೆ ಹಿಂದಿನ ತೋಟಕ್ಕೆ ಇಳಿಯಿತು. ಅಪ್ಪ ಪಕ್ಕದ ಸಣ್ಣ ಗೇರು ಎಳೆದ. ನಾಲ್ಕು ಚಕ್ರವೂ ಒಟ್ಟಿಗೆ ಕೆಸರು ಕಚ್ಚಿ, ಗಂಡುಗೂಳಿ ನುಗ್ಗಿದ ಹಾಗೆ ನುಗ್ಗಿ, ಕಾಯಿ ತುಂಬಿದ ಟ್ರೈಲರನ್ನು ಏರಿಯ ಮೇಲಕ್ಕೆ ತಂದು ನಿಲ್ಲಿಸಿತು. ಏರಿಯ ಮೇಲೆ ನೋಡುತ್ತ ನಿಂತಿದ್ದವರೆಲ್ಲ ಬೀಡಿ ಎಸೆದು ದಾರಿ ಬಿಟ್ಟರು. ಅಲ್ಲಿಯವರೆಗೆ ನಾನು ಎಣ್ಣೆ ಮಿಲ್ಲಿನ ಜೀಪನ್ನೇ ನೆನೆಸಿಕೊಳ್ಳುತ್ತಿದ್ದೆ.

ಆಮೇಲೆ ತಿಪಟೂರಿನ ಮೇಸ್ತ್ರಿಯೊಬ್ಬರು ಎಂಜಿನ್ನು ಕೂರಿಸಿದ್ದ ರಬ್ಬರು ಬದಲಿಸಿ, ಸಡಿಲವಾದದ್ದನ್ನೆಲ್ಲ ಬಿಗಿದುಕೊಟ್ಟರು. ಗಟಗಟ ನಿಂತುಹೋಯಿತು. ಅಪ್ಪನಿಗೆ ಚಿಂತೆ ಹತ್ತಿತು. ಒಳಗಿದ್ದದ್ದನ್ನು ಏನೋ ತೆಗೆದುಕೊಂಡಿದ್ದಾರೆ ಎಂಬ ಗುಮಾನಿ. ಹದಿನೈದು ದಿನದಲ್ಲಿ ನಮ್ಮ ರಸ್ತೆಯ ದಯೆಯಿಂದ ಸದ್ದು ತಾನಾಗಿ ವಾಪಸು ಬಂತು, ಅಪ್ಪ ನೆಮ್ಮದಿಯಾಗಿ ಉಂಡ. ರೇಡಿಯೇಟರಿನ ಸೋರಿಕೆ ಮಾತ್ರ ಎಷ್ಟು ಬೆಸುಗೆ ಹಾಕಿಸಿದರೂ ನಿಲ್ಲಲಿಲ್ಲ. ಎಲ್ಲಿಗೆ ಹೊರಟರೂ ಸೀಟಿನ ಹಿಂದೆ ಒಂದು ದೊಡ್ಡ ಕ್ಯಾನು ನೀರು ಇರಲೇಬೇಕಿತ್ತು. ಅದನ್ನು ಬಾವಿಯಿಂದ ಸೇದಿ ತುಂಬುತ್ತಿದ್ದವಳು ಅವ್ವ.

"ಸಸಿಗೆ ಹೊತ್ತಿದ್ದಾಯ್ತು, ಈಗ ಇದಕ್ಕೂ ಹೊರೋದು," ಅನ್ನುತ್ತಿದ್ದಳು. "ಸಸಿಯಾದ್ರೂ ಒಂದಿನ ದೊಡ್ಡದಾಗಿ, ಇನ್ನು ಸಾಕು ಬುಡು ಅಂತಿತ್ತು."

ಇಷ್ಟಾಗಿ ಅವ್ವನ ಪ್ರಯಾಣ ಎಲ್ಲಿಗೆ ಬಂತು? ಎಲ್ಲಿಗೂ ಬರಲಿಲ್ಲ. ವಾರದ ಆರು ದಿನ ಜೀಪಿನ ಹಿಂದೆ ಟ್ರೈಲರು. ನಮ್ಮ ಕಾಯಿ ಮುಗಿದರೆ ನೆಂಟರ ಕಾಯಿ, ಅದು ಮುಗಿದರೆ ಮಂಡಿಗೆ ಕೊಬ್ಬರಿ. ಕ್ರಾಸಿನಲ್ಲಿ ಲಾರಿ ಹೂತರೆ ಜೀಪು ಬೇಕು. ಊರಿನ ಮದುವೆಗೆ ಗಂಡನ್ನು ಕರೆತರಲು ಜೀಪು ಬೇಕು. ಹೋಟೆಲಿನವರಿಗೆ ಹೊಸ ರುಬ್ಬುವ ಕಲ್ಲು ತರಲೂ ಜೀಪೇ ಬೇಕು. ಅಪ್ಪನಿಗೆ ಯಾರಿಗೂ ಇಲ್ಲ ಅನ್ನಲು ಬಾರದು, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳಿಗೆ ಗೌರಿ ಹಬ್ಬ ಆಗಲಿ ಎಂದ, ರಾಗಿ ಕುಯ್ಲು ಆಗಲಿ ಎಂದ. ಒಂದು ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹಾಲ್ಕುರಿಕೆಯ ಮಠಕ್ಕೆ ಹೋಗಿ ಬಂದು, ಟೂರು ಆಯಿತಲ್ಲ ಎಂದ. ಅವ್ವ ಅವನನ್ನೇ ನೋಡಿ, ದಾರಿಯುದ್ದಕ್ಕೂ ಕಂಡ ಮರಗಳೆಲ್ಲ ಯಾರೋ ನೀರು ಹಾಕಿದವೇ ಎಂದು ಒಳಗೆ ಹೋದಳು.

ಉಳಿದದ್ದು ಸೋಮವಾರ. ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಯಾರೂ ಎತ್ತು ಹೂಡುವುದಿಲ್ಲ. ಜೀಪು ಬಂದ ಮೊದಲ ಸೋಮವಾರವೇ ಅಪ್ಪ, ಎತ್ತಿನ ಜಾಗಕ್ಕೆ ಬಂದದ್ದು, ಎತ್ತಿಗೆ ಇದ್ದ ಮರ್ಯಾದೆ ಇದಕ್ಕೂ ಎಂದು ಸಾರಿಬಿಟ್ಟಿದ್ದ. ಅವತ್ತು ಅದಕ್ಕೆ ಮೈ ತೊಳೆದು, ಬಾನೆಟ್ಟಿಗೆ ವಿಭೂತಿ ಎಳೆದು, ಊದುಬತ್ತಿ ಹಚ್ಚಿ, ಗೋಣಿತಾಟು ಹೊದಿಸಿ ನೆರಳಿಗೆ ಬಿಡುವುದು. ಹೋಟೆಲಿನಲ್ಲಿ ಜನ ಅಪ್ಪನನ್ನು ಕೆಣಕುತ್ತಿದ್ದರು, ಜೀಪಿಗೆ ಹುರುಳಿ ಬೇಯಿಸಿ ಇಟ್ಟೆಯಾ ಎಂದು ಕೇಳುತ್ತಿದ್ದರು. ಅವನು ಜಗ್ಗಲಿಲ್ಲ. ಅವ್ವನಿಗೂ ಆಗ ಇದು ಸರಿಯೇ ಅನ್ನಿಸಿತ್ತು, ತನ್ನ ಎತ್ತುಗಳ ನೆನಪು ಇಟ್ಟಿದ್ದಾನಲ್ಲ ಎಂದು ಒಳಗೊಳಗೆ ಖುಷಿಪಟ್ಟಿದ್ದಳು. ಆರು ದಿನ ಬಿಡುವಿಲ್ಲ, ಏಳನೆಯ ದಿನ ಬಿಡುವಿದ್ದರೂ ಮುಟ್ಟುವಂತಿಲ್ಲ ಎಂದು ಅವಳ ತಲೆಗೆ ಹೊಳೆದದ್ದು ವರ್ಷ ಕಳೆದ ಮೇಲೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಅವ್ವ ಜಗಳವಾಡಿದರೆ ನಮ್ಮ ಮನೆಗೆ ಕಳೆ. ಕೇಳುವುದನ್ನು ಬಿಟ್ಟಾಗ ನನಗೆ ನಿಜವಾಗಿ ಸಂಕಟವಾಯಿತು, ಅಪ್ಪನ ಮೇಲೆ ಸಿಟ್ಟೂ ಬಂತು. ಎರಡು ಸಲ ಅವನಿಗೆ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ, ಬೆಳಿಗ್ಗೆ ಅವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು. ಪಕ್ಕದ ಮನೆಯವರು ನಮ್ಮ ಹಳೆಯ ಎತ್ತುಗಳನ್ನು ಮೈ ತೊಳೆಯಲು ಕೆರೆಗೆ ಹೊಡೆದುಕೊಂಡು ಹೊರಟರು. ಎತ್ತುಗಳು ಎಂದಿನಂತೆ ನಮ್ಮ ಬಾಗಿಲಲ್ಲಿ ನಿಂತವು, ಅವ್ವ ಎಂದಿನಂತೆ ಬೆಲ್ಲದ ಚೂರು ಕೊಟ್ಟಳು. ಅವು ಕತ್ತಲ್ಲಾಡಿಸುತ್ತ ನಡೆದುಹೋದವು. ಅವ್ವ ಚೊಂಬು ಹಿಡಿದುಕೊಂಡು ಅವು ಬೀದಿಯ ತಿರುವು ದಾಟುವವರೆಗೂ ನೋಡುತ್ತ ನಿಂತಳು. ರಂಗೋಲಿ ಹಾಕಲಿಲ್ಲ. ಸರ್ರನೆ ಒಳಗೆ ಬಂದು ನನಗೆ, ರೊಟ್ಟಿ ತಟ್ಟು ಎಂದಳು. ಎಷ್ಟು ಅಂದರೆ, ಮೂರು ಜನಕ್ಕೆ ಎರಡು ದಿನಕ್ಕಾಗುವಷ್ಟು ಎಂದಳು. ತಾನು ಪೆಟ್ಟಿಗೆ ತೆಗೆದು ಮದುವೆಮನೆಗೆ ಉಡುವ ಸೀರೆ ಉಟ್ಟಳು.

ಅಪ್ಪ ಜೀಪಿಗೆ ಊದುಬತ್ತಿ ಬೆಳಗಿ ಮುಗಿಸಿದ್ದ. ಭಾನುವಾರ ಸಂಜೆ ಬಿಚ್ಚಲು ಸೋಮಾರಿತನವಾಗಿ ಟ್ರೈಲರು ಹಿಂದೆ ಹಾಗೇ ಕಚ್ಚಿಕೊಂಡಿತ್ತು. ಅವ್ವ ಹೋಗಿ ಬಗ್ಗಿ, ಆ ದಪ್ಪ ಪಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಬರಲಿಲ್ಲ. ಒನಕೆ ತಂದು ಕೆಳಗಿನಿಂದ ಒಂದು ಗುದ್ದು ಕೊಟ್ಟಳು. ಪಿನ್ನು ಎಗರಿ ಬಂತು, ಟ್ರೈಲರಿನ ಮೂತಿ ದಡಕ್ಕನೆ ನೆಲಕ್ಕೆ ಕೂತಿತು. ಅವಳು ಪಿನ್ನನ್ನು ಅಪ್ಪನ ಮುಂದೆ ಹಿಡಿದಳು.

"ಸೋಮವಾರ ಎತ್ತು ನಡೆಯಲ್ವಾ?"

"ನಡೀತವೆ," ಎಂದ ಅಪ್ಪ, ಏನು ಬರುತ್ತಿದೆ ಎಂದು ಗೊತ್ತಾಗದೆ. "ನೊಗ ಇಡಂಗಿಲ್ಲ ಅಷ್ಟೇಯ."

"ನೊಗ ನಾನೇ ತೆಗ್ದಿದೀನಿ. ಈಗ ನಡೆಸ್ರಿ."

ಅಪ್ಪ ಜೀಪು ನೋಡಿದ, ನೆಲಕ್ಕೆ ಮೂಗು ಊರಿದ ಟ್ರೈಲರು ನೋಡಿದ, ಅವ್ವನ ಕೈಯಲ್ಲಿದ್ದ ಪಿನ್ನು ನೋಡಿದ. ವಾದಕ್ಕೆ ನಿಂತರೆ ಅಪ್ಪ ಮಂಡಿಯ ದಲ್ಲಾಳಿಗಳನ್ನೇ ಸುಸ್ತು ಮಾಡುವವನು. ಅವತ್ತು ಮಾತ್ರ ಅವ್ವ ಹೇಳಿದ್ದು ಅವನದೇ ಶಾಸ್ತ್ರದ ಪ್ರಕಾರ ಸರಿಯಾಗಿತ್ತು. ಸ್ವಲ್ಪ ಹೊತ್ತು ಮೀಸೆ ಸವರಿದ. ಆಮೇಲೆ ಚಪ್ಪಲಿ ಕಳಚಿ ಹೊಸ್ತಿಲ ಪಕ್ಕ ಬಿಟ್ಟು, ಬಸವಣ್ಣನಿಗೆ ಒಂದು ಮರ್ಯಾದೆಯಾದರೂ ಇರಲಿ ಎಂದು ಬರಿಗಾಲಲ್ಲೇ ಹತ್ತಿ ಕೂತ. ಗೋಣಿತಾಟು ಎಳೆದುಹಾಕಿದ್ದು ನಾನು. ಅಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅರಸೀಕೆರೆ, ಹಾಸನ, ಸಕಲೇಶಪುರ. ಹಿಂದೆ ಭಾರವಿಲ್ಲದ ಜೀಪು ಕರುವಿನ ಹಾಗೆ ಕುಣಿಯುತ್ತಿತ್ತು. ಮೂರು ಕಡೆ ನಿಲ್ಲಿಸಿ ರೇಡಿಯೇಟರಿಗೆ ನೀರು ಕುಡಿಸಿದೆವು, ಸಿಕ್ಕಿದ ಬಾವಿಯಲ್ಲಿ ಅವ್ವನೂ ನಾನೂ ಕ್ಯಾನು ತುಂಬಿಸಿಕೊಂಡೆವು. ಶಿರಾಡಿ ಘಾಟಿಯಲ್ಲಿ ಅಪ್ಪ ಸಣ್ಣ ಗೇರು ಹಾಕಿ, ಒಂದೊಂದು ತಿರುವಿಗೂ "ಹೋ, ಹೋ" ಎಂದು ಗಂಟಲು ಕಟ್ಟಿಸಿಕೊಂಡ. ಎದುರಿಗೆ ಬಂದ ಲಾರಿಯವರು ಈ ಮನುಷ್ಯ ಯಾರನ್ನು ಸಮಾಧಾನ ಮಾಡುತ್ತಿದ್ದಾನೆ ಎಂದು ಇಣುಕಿ ನೋಡುತ್ತಿದ್ದರು. ನಾನು ಕಂಬಿ ಹಿಡಿದು ಕೂತಿದ್ದೆ. ಅವ್ವ ಮಾತ್ರ ಕತ್ತು ಹೊರಗೆ ಹಾಕಿ, ಇಳಿಜಾರಿನ ಕಾಡಿನ ನಡುವೆ ಎಲ್ಲಾದರೂ ತೆಂಗಿನ ಗರಿ ಕಾಣುತ್ತದೆಯೇ ಎಂದು ಹುಡುಕುತ್ತಿದ್ದಳು. ಆ ರಾತ್ರಿ ಧರ್ಮಸ್ಥಳದಲ್ಲಿ ತಂಗಿದೆವು. ಸೋಮವಾರ ಶಿವನ ಸನ್ನಿಧಿಗೇ ಬಂದು ಸೇರಿದ್ದರಿಂದ ಅಪ್ಪನ ಮನಸ್ಸಿನಲ್ಲಿ ಉಳಿದಿದ್ದ ಅಳುಕೂ ಹೋಯಿತು. ಬೆಳಿಗ್ಗೆ, ಹೊರಡುವ ಯೋಚನೆ ಮೊದಲಿಂದ ತನ್ನದೇ ಅನ್ನುವ ಹಾಗೆ ಮಾತಾಡತೊಡಗಿದ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮಂಗಳೂರಿನ ಆಚೆ ಒಂದು ಸಣ್ಣ ಊರಿನ ಕಡಲತೀರ. ರಸ್ತೆ ಮುಗಿದ ಕಡೆ ಮರಳು ಶುರುವಾಯಿತು. ಅಪ್ಪ ನಿಲ್ಲಿಸಲಿಲ್ಲ. ಸಣ್ಣ ಗೇರು ಎಳೆದು ನಾಲ್ಕು ಚಕ್ರಕ್ಕೂ ಕೆಲಸ ಕೊಟ್ಟು, ಮರಳಿನ ಮೇಲೆ ಗಟಗಟ ಎನ್ನುತ್ತ ತೆಂಗಿನ ಸಾಲಿನವರೆಗೂ ತಂದು ನಿಲ್ಲಿಸಿದ. ಅವ್ವ ಇಳಿದು ಸಮುದ್ರ ನೋಡಿ, ಎಷ್ಟೊಂದು ನೀರು ಎಂದು ಕೈ ಮುಗಿದಳು. ಅಷ್ಟೇ. ತಿರುಗಿ ಮರಗಳ ಕಡೆ ಹೋದಳು.

ಮರಗಳು ಸಮುದ್ರದ ಕಡೆಗೆ ಬಾಗಿ, ಮೈತುಂಬ ಕಾಯಿ ಹೊತ್ತು ನಿಂತಿದ್ದವು. ಅವ್ವ ಒಂದರ ಬುಡದಲ್ಲಿ ಕೂತು ಮರಳು ಕೆದಕಿದಳು. ಇನ್ನೊಂದರ ಬುಡ ನೋಡಿದಳು, ಮತ್ತೊಂದರ ಬುಡ ನೋಡಿದಳು. ನಮ್ಮಲ್ಲಿ ಪ್ರತಿ ಮರದ ಸುತ್ತ ನೀರು ನಿಲ್ಲಲು ಪಾತಿ ಕಟ್ಟಿರುತ್ತದೆ. ಇಲ್ಲಿ ಬರೀ ಮರಳು.

"ಪಾತಿನೇ ಇಲ್ಲ ಕಣೇ," ಎಂದಳು ನನಗೆ. ಆಮೇಲೆ ಮೆಲ್ಲಗೆ, "ಹಂಗಾರೆ ನಾನು ಹೊತ್ತಿದ್ದೆಲ್ಲ ಸುಮ್ಕೇನಾ?"

ಒಂದು ವರ್ಷ ಈ ಪ್ರಯಾಣಕ್ಕಾಗಿ ಅಪ್ಪನ ಮೇಲೆ ಹಲ್ಲು ಕಡಿದಿದ್ದೇನೆ, ಈಗ ಯಾಕಾದರೂ ಬಂದೆವೋ ಅನ್ನಿಸಿತು. ಅವ್ವನ ಸೊಂಟದ ಎಡಗಡೆ ಕೊಡ ಕೂತು ಕೂತು ಕಪ್ಪಾದ ಗುರುತು ಇತ್ತು. ನಾನು ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಪ್ಪ ಸಮುದ್ರ ನೋಡುವ ಹಾಗೆ ಆ ಕಡೆ ಮುಖ ತಿರುಗಿಸಿ ನಿಂತಿದ್ದ, ಅವನಿಗೂ ಕೇಳಿಸಿತ್ತು.

ಆಗ ಸಾಲಿನ ಆಚೆಯ ಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಬಂದಳು. ಸೊಂಟದ ಮೇಲೆ ತಾಮ್ರದ ಕೊಡ. ನಮ್ಮನ್ನು ನೋಡಿ ನಕ್ಕು, ಮನೆಯ ಪಕ್ಕದ ಬಯಲಿನಲ್ಲಿ ಗರಿ ಕಟ್ಟಿ ನೆರಳು ಮಾಡಿದ್ದ ಒಂದು ಸಸಿಯ ಬುಡಕ್ಕೆ ಕೊಡ ಬಗ್ಗಿಸಿದಳು. ಅಂಥ ಸಸಿಗಳು ಅಲ್ಲಿ ಹತ್ತಾರಿದ್ದವು. ಅವ್ವ ಓಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮರಳಿನಲ್ಲಿ ಮದುವೆಮನೆಯ ಸೀರೆ ಎತ್ತಿಕಟ್ಟಿಕೊಂಡು ಹೋಗಿ, ಇಲ್ಲಿ ತೆಂಗಿಗೆ ನೀರು ಹಾಕುವುದಿಲ್ಲವಂತಲ್ಲ ಎಂದು ಕೇಳಿಯೇಬಿಟ್ಟಳು.

ಆ ಹೆಂಗಸಿಗೆ ತುಳು ನಾಲಗೆ, ಕನ್ನಡ ಬಿಡಿಸಿ ಬಿಡಿಸಿ ಆಡಿದಳು. "ದೊಡ್ಡದಕ್ಕೆ ಮಳೆ ಉಂಟು. ಎಳೆಯದಕ್ಕೆ ಬೇಸಿಗೆಯಲ್ಲಿ ಹೊಯ್ಯದಿದ್ದರೆ ಬದುಕ್ತದಾ ಅಮ್ಮಾ? ಅಗೋ, ಆ ಬಾಗಿದ ಮರಗಳೆಲ್ಲ ನಮ್ಮ ಅತ್ತೆ ಹೊತ್ತದ್ದು. ಇದು ನಾನು ಹೊರುವುದು."

ಹೋಟೆಲಿನವರಿಗೆ ಇದು ಗೊತ್ತಿಲ್ಲವೇ ಎಂದು ಅವ್ವ ನನ್ನ ಕಡೆ ತಿರುಗಿದಳು. ಅವರು ಯಾವತ್ತು ಕೊಡ ಹೊತ್ತಿದ್ದಾರೆ, ಗೊತ್ತಿರಲು ಎಂದೆ. ಅವ್ವ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಯಾಕೆಂದು ಗೊತ್ತಿಲ್ಲದಿದ್ದರೂ ಆ ಹೆಂಗಸೂ ನಕ್ಕಳು. ನಗು ಮುಗಿದ ಮೇಲೆ ಅವ್ವ, ಇನ್ನೊಂದು ಕೊಡ ಇದೆಯೇ ಎಂದು ಕೇಳಿದಳು. ಇಬ್ಬರೂ ಸಾಲು ಹಂಚಿಕೊಂಡು ನೀರು ಹೊಯ್ದರು. ನಿಮ್ಮಲ್ಲಿ ಎಷ್ಟು ಬೇಸಿಗೆ ಹೊರಬೇಕು, ಬಾವಿ ಎಷ್ಟು ದೂರ, ಸೊಂಟ ಹಿಡಿದರೆ ಏನು ಹಚ್ಚುತ್ತೀರಿ, ಎಲ್ಲ ವಿಚಾರವಾಯಿತು. ನಾನೂ ಎರಡು ಕೊಡ ಹೊತ್ತೆ. ಮೂರನೆಯದಕ್ಕೆ ಕೈಬಿಟ್ಟೆ.

ಕೊನೆಯ ಸಸಿ ಬಾವಿಯಿಂದ ದೂರದಲ್ಲಿ, ನಮ್ಮ ಜೀಪಿನ ಪಕ್ಕದಲ್ಲೇ ಇತ್ತು. ಅಲ್ಲಿಗೆ ಬರುವಾಗ ಕೊಡ ಖಾಲಿ. ಅವ್ವ ಸುತ್ತ ನೋಡಿದಳು, ಸೀಟಿನ ಹಿಂದಿನಿಂದ ಜೀಪಿನ ಕ್ಯಾನು ಎಳೆದುಕೊಂಡು ಅಷ್ಟೂ ನೀರನ್ನು ಸಸಿಯ ಬುಡಕ್ಕೆ ಸುರಿದುಬಿಟ್ಟಳು. ಅಪ್ಪ ಅಯ್ಯೋ ಎಂದ. ಅದಿಲ್ಲದೆ ಜೀಪು ಘಾಟಿ ಹತ್ತುವುದಿರಲಿ, ಮಂಗಳೂರನ್ನೂ ಮುಟ್ಟುವುದಿಲ್ಲ.

"ಬಾವಿ ಅಲ್ಲಿ ಅದೆ," ಎಂದಳು ಅವ್ವ, ಮನೆಯ ಕಡೆ ಗಲ್ಲ ತೋರಿಸಿ. "ತುಂಬ್ಕೊಂಬನ್ನಿ."

ಅಪ್ಪ ಖಾಲಿ ಕ್ಯಾನು ತೆಗೆದುಕೊಂಡು ಹೋದ. ಮಡ್‌ಗಾರ್ಡಿನ ಮೇಲೆ ಅವ್ವ ಆ ಹೆಂಗಸಿನ ಜೊತೆ ಎಲೆಯಡಿಕೆ ಹಾಕಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಅಪ್ಪ ತುಂಬಿದ ಕ್ಯಾನನ್ನು ಹೆಗಲ ಮೇಲಿಟ್ಟು, ಆಮೇಲೆ ಇನ್ನೊಂದು ಹೆಗಲಿಗೆ ಬದಲಾಯಿಸಿ, ಬರಿಗಾಲು ಮರಳಿನಲ್ಲಿ ಹೂತು ಹೂತು ಬರುವುದು ಕಂಡಿತು. ಮದುವೆಯಾಗಿ ಅಷ್ಟು ವರ್ಷಕ್ಕೆ ಅವನು ನೀರು ಹೊತ್ತದ್ದನ್ನು ಅವ್ವ ನೋಡಿದ್ದು ಅದೇ ಮೊದಲು. ಅರ್ಧ ದಾರಿಯಲ್ಲಿ ಕ್ಯಾನು ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, ನಮ್ಮ ಕಡೆ ನೋಡಿದ. ನಾನು ಎದ್ದು ಹೋಗಲು ಹೊರಟೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

"ಬುಡು ಮಗ, ಬತ್ತಾರೆ," ಎಂದಳು. "ನಾಲ್ಕು ಹೆಜ್ಜೆ ಅದೆ ಅಷ್ಟೇಯ."